ಜಗ್ಗಿದರೆ ಬಾರದ ಹುಲ್ಲು

ಮಲಾಡ್ ಸ್ಟೇಷನ್ನಿನ ಪೂರ್ವಕ್ಕೆ, ಕೈಬಿಟ್ಟ ಕಲ್ಲುಗಣಿಯೊಂದರ ನೆತ್ತಿಯ ಮೇಲೆ ಚಂದ್ರವ್ವ ಕುಕ್ಕರುಗಾಲಿನಲ್ಲಿ ಕುಳಿತಿದ್ದಾಳೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ೧೯೫೮ರ ಮೇ ತಿಂಗಳ ಕೊನೆಯ ವಾರ. ಇಳಿಜಾರಿನ ಹುಲ್ಲೆಲ್ಲ ಒಣಗಿ ಒಂದೇ ಬಣ್ಣಕ್ಕೆ ತಿರುಗಿದೆ. ಒಂದು ಬುಡವನ್ನು ಎರಡೇ ಬೆರಳಲ್ಲಿ ಹಿಡಿದು ಜಗ್ಗುತ್ತಾಳೆ. ಸದ್ದಿಲ್ಲದೆ ಕಿತ್ತು ಬರುತ್ತದೆ. ಅದನ್ನು ಎಸೆದು, ಆ ಜಾಗದಲ್ಲಿ ಗುರುತಿಗೊಂದು ಕಲ್ಲು ಇಡುತ್ತಾಳೆ. ಮುಂದಿನದನ್ನು ಜಗ್ಗುತ್ತಾಳೆ; ಬರುವುದಿಲ್ಲ. ಉಗುರಿನಿಂದ ಬುಡ ಕೆರೆದರೆ ಒಳಗೆ ನೂಲೆಳೆಯಷ್ಟು ಹಸಿರು. ಅದರ ಸುತ್ತ ಮಣ್ಣು ಒತ್ತಿ ಮುಂದೆ ಸರಿಯುತ್ತಾಳೆ.

ಒಂದು ಮುಂಜಾವಿಗೆ ಇನ್ನೂರು ಬುಡ. ಏಳು ಗಂಟೆಗೆ ಗೋರೆಗಾಂವ್ ಕಡೆಯ ಗಣಿಯಲ್ಲಿ ಕಲ್ಲು ಹೊರುವ ಕೆಲಸಕ್ಕೆ ಹೋಗಬೇಕು. ಹುಲ್ಲಿನ ಈ ಕೆಲಸವನ್ನು ಯಾರೂ ಆಕೆಗೆ ಒಪ್ಪಿಸಿಲ್ಲ. ಕೆಳಗೆ, ಇಳಿಜಾರಿನ ಕಾಲಬುಡದಲ್ಲಿ ಇಪ್ಪತ್ತೆರಡು ಗುಡಿಸಲುಗಳಿವೆ. ಎಲ್ಲರೂ ವಿಜಾಪುರ ಸೀಮೆಯ ಗಣಿ ಕೂಲಿಗಳು. ಮಳೆಗೆ ಇನ್ನು ಎರಡು ವಾರ.

ಆಕೆ ಹುಡುಕುವುದು ಹಂಚಿ ಹುಲ್ಲು. ಅದರ ಪ್ರತಿ ಬೀಜಕ್ಕೂ ಕೂದಲಿನಂಥ ಮೂರು ಮುಳ್ಳುಗಳು. ಎಳೆಯದಿದ್ದಾಗ ಎಮ್ಮೆ ತಿನ್ನುತ್ತದೆ. ತೆನೆ ಬಲಿತ ಮೇಲೆ ತಿಂದರೆ ಬಾಯಿ ಹುಣ್ಣಾಗುತ್ತದೆ. ಅದರ ಪೊದೆಯಲ್ಲಿ ಬುರ್ಲಿ ಹಕ್ಕಿ ಮೊಟ್ಟೆಯಿಡುತ್ತದೆ. ಕಡ್ಡಿಯಿಂದ ಕಸಬರಿಗೆ ಆಗುತ್ತದೆ. ಚಳಿಗಾಲದಲ್ಲಿ ಚಂದ್ರವ್ವ ಬುಡದಿಂದ ನಾಲ್ಕು ಬೆರಳು ಬಿಟ್ಟು ಕೊಯ್ದು, ದಿನಕ್ಕೆ ಹತ್ತು ಕಸಬರಿಗೆ ಕಟ್ಟುತ್ತಾಳೆ. ಸ್ಟೇಷನ್ ಬಳಿ ಹೋಟೆಲು ನಡೆಸುವ ಉಡುಪಿ ಕಡೆಯ ಸೀನಣ್ಣ ಆಕೆಯ ಕಾಯಂ ಗಿರಾಕಿ.

“ನಿನ್ನ ಹಿಡಿಸೂಡಿ ಕಸ ತೆಗೆಯುದಕ್ಕಿಂತ ಮುಳ್ಳು ಉದುರಿಸುದೇ ಜಾಸ್ತಿ ಮಾರಾಯ್ತಿ. ನಿನ್ನೆ ಒಬ್ಬರ ಧೋತ್ರಕ್ಕೆಲ್ಲ ಅಂಟಿತು,” ಎನ್ನುತ್ತಾನೆ ಸೀನಣ್ಣ.

“ಬಡದ ಕೊಟ್ಟೀನಿ ಸೀನಣ್ಣ. ನೀ ಚಾ ಸೋಸೂವಾಗರ ಅಷ್ಟ ನೋಡ್ತಿಯೇನು?”

ಸೀನಣ್ಣ ನಗುತ್ತಾನೆ. ಆಕೆ ನಗುವುದಿಲ್ಲ.

ನಾಲ್ಕು ವರ್ಷದ ಹಿಂದೆ ಕಸಬರಿಗೆ ವ್ಯಾಪಾರಿಯೊಬ್ಬನ ಆಳುಗಳು ಬಂದು, ಕೊಯ್ಯುವ ತಾಳ್ಮೆಯಿಲ್ಲದೆ, ಇಡೀ ಇಳಿಜಾರಿನ ಹಂಚಿಯನ್ನು ಬೇರುಸಹಿತ ಕಿತ್ತರು. ಮುಂದಿನ ಮಳೆಗೆ ಮಣ್ಣು ಕುಸಿಯಿತು. ಚಂದ್ರವ್ವನ ಗಂಡ ಶೆಟ್ಟೆಪ್ಪ ಅದರಡಿ ಸತ್ತ. ಹುಲ್ಲಿಗೂ ಮಣ್ಣಿಗೂ ಇದ್ದ ನಂಟು ಆಕೆಗೆ ತಿಳಿದದ್ದು ಆಗ. ಆ ದೀಪಾವಳಿಯ ಹೊತ್ತಿಗೆ ಸುತ್ತಲಿನ ಬಯಲೆಲ್ಲ ಅಲೆದು ಎರಡು ಗಡಿಗೆ ಬೀಜ ಕೂಡಿಸಿದಳು. ಬೇಸಿಗೆಯ ಕೊನೆಗೆ ಗುಡ್ಡಕ್ಕೆ ಚೆಲ್ಲಿದಳು.

“ಮೂರ ಕೂದಲಾ ಇದ್ರ ಹಂಚೀನ ಅಂದ್ಕೊಂಡ್ನಿರಿ. ಅದರಾಗ ಒಂದ ವರ್ಸಕ್ಕ ಸಾಯೂ ಜಾತಿ ಐತಿ ಅಂತ ಗೊತ್ತಿರ್ಲಿಲ್ಲ. ಲಗೂನ ತೆನಿ ಬಿಡತೈತಿ, ಗಿಡ್ಡ ಇರತೈತಿ, ಆರ್ಸೋದು ಹಗರ. ಅದನ್ನ ಆರ್ಸಿದ್ನಿ,” ಎನ್ನುತ್ತಾಳೆ ಚಂದ್ರವ್ವ, ಕೇಳಿದವರಿಗೆ.

ಗುಡ್ಡ ಮೊಣಕಾಲುದ್ದ ಹಸಿರಾಯಿತು. ಜನ ಹೊಗಳಿದರು. ಹೆದರಿ ಸ್ಟೇಷನ್ನಿನಲ್ಲಿ ಮಲಗುತ್ತಿದ್ದ ನಾಗವ್ವನನ್ನು, ಇಳಿಜಾರಿಗೆ ತೀರ ಹತ್ತಿರದ ಗುಡಿಸಲಿನವಳನ್ನು, ಚಂದ್ರವ್ವನೇ ಹೋಗಿ ಕರೆತಂದಳು. “ಬಾರಬೇ, ಹುಲ್ಲ ಹತ್ತೇತಿ, ಅಂಜಬ್ಯಾಡ,” ಎಂದಳು. ಚಳಿಗಾಲ ಮುಗಿಯುವಷ್ಟರಲ್ಲಿ ಆ ಹುಲ್ಲು ಬೇರಿನತನಕ ಸತ್ತಿತ್ತು. ಮರುವರ್ಷದ ಜೂನಿನಲ್ಲಿ ಗುಡ್ಡದ ಮೈ ಚಾಪೆಯಂತೆ ಜಾರಿ ಬಂತು. ನಾಗವ್ವ ಬದುಕಿದಳು. ಅವಳ ಆರು ವರ್ಷದ ಮಗಳು ಸೇವಂತಿ ಬದುಕಲಿಲ್ಲ.

ನಾಗವ್ವ ಬೈಯಲಿಲ್ಲ, ಅಳುತ್ತ ಚಂದ್ರವ್ವನತ್ತ ಬೆರಳು ತೋರಿಸಲಿಲ್ಲ. ಸಾಲಿನ ಇನ್ನೊಂದು ತುದಿಗೆ ಗುಡಿಸಲು ಕಟ್ಟಿಕೊಂಡಳು. ಇಬ್ಬರೂ ಒಂದೇ ನಲ್ಲಿಗೆ ಕೊಡ ಇಡುತ್ತಾರೆ; ಎರಡು ವರ್ಷವಾಯಿತು, ಮಾತಿಲ್ಲ.

ಅಂದಿನಿಂದ ಚಂದ್ರವ್ವ ಬೀಜವನ್ನು ನಂಬುವುದಿಲ್ಲ. ವರ್ಷವರ್ಷವೂ ಬುಡದಿಂದ ಚಿಗುರುವ, ಎದೆಯೆತ್ತರ ಬೆಳೆಯುವ ಜಾತಿಯನ್ನೇ ಹುಡುಕುತ್ತಾಳೆ. ಅದು ಗೊತ್ತಾಗುವುದು ಹಸಿರಿನಲ್ಲಲ್ಲ, ಎಲ್ಲ ಒಣಗಿದ ಮೇ ತಿಂಗಳಲ್ಲಿ. ಮೊದಲ ಮಳೆ ಬಿದ್ದೊಡನೆ ದೊಡ್ಡ ಬುಡಗಳನ್ನು ಸೀಳಿ, ಕಲ್ಲಿಟ್ಟ ಜಾಗಗಳಲ್ಲಿ ನೆಡುತ್ತಾಳೆ. ಎರಡು ವರ್ಷದಲ್ಲಿ ಅರ್ಧ ಇಳಿಜಾರು ಮುಗಿದಿದೆ. ಉಳಿದರ್ಧ ಬೋಳಾಗಿಯೇ ಇದೆ.

ಈ ಮಳೆಗೆ ಗುಡ್ಡ ನಿಂತೀತೇ ಎಂದು ಕೇಳಿದರೆ ಆಕೆ ಇನ್ನೊಂದು ಬುಡ ಜಗ್ಗಿ ನೋಡುತ್ತಾಳೆ.

“ನಾ ಹ್ಯಾಂಗ ಹೇಳ್ಲಿರಿ? ಒಮ್ಮಿ ಹೇಳಿದ್ನಿ.”

ಹೊತ್ತು ಏರುತ್ತಿದೆ. ಸೆರಗಿಗೆ ಚುಚ್ಚಿಕೊಂಡ ಮುಳ್ಳುಗಳನ್ನು ಒಂದೊಂದಾಗಿ ಕೀಳುತ್ತ ಆಕೆ ಗುಡ್ಡ ಇಳಿಯುತ್ತಾಳೆ. ನಾಗವ್ವನ ಗುಡಿಸಲಿದ್ದ ಜಾಗದಲ್ಲಿ, ಮಣ್ಣು ಬಂದರೆ ಮೊದಲು ಬೀಳುವಲ್ಲಿ, ಈಗ ಚಂದ್ರವ್ವನ ಗುಡಿಸಲಿದೆ. ಬಾಗಿಲಿನ ತಡಿಕೆ ಸರಿಸಿ, ಬುತ್ತಿಯ ಗಂಟು ಎತ್ತಿಕೊಳ್ಳುತ್ತಾಳೆ.

“ಈ ಸಲ ಹುಲ್ಲ ಹಿಡದ್ರ ನಾಗವ್ವ ಒಂದ ಮಾತ ಆಡ್ಯಾಳೇನೋ,” ಎನ್ನುತ್ತಾಳೆ. “ಬೈದ್ರೂ ಆತ್ರಿ.”