ಅತ್ತೆಯ ಕಾಳಿನ ಪಾತ್ರೆ

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ಕ್ಷಮಿಸಿ. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು, ಮಾತಿನಲ್ಲೂ ತಪ್ಪಿರಬಹುದು. ಮನೆಗೆ ಬಂದವರೆಲ್ಲ ಅತ್ತೆಯದೇ ತಪ್ಪು ಎನ್ನುತ್ತಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಅತ್ತೆ ಎಂದರೆ ಅಪ್ಪನ ತಂಗಿ. ಸೋಫಾಗಳಿಗೆ ಹೊದಿಕೆ ಹೊಲಿಯುವುದು ಅವಳ ಕೆಲಸ. ಹರೆಯದಲ್ಲಿ ಚರ್ಮದ ಹೊದಿಕೆಯನ್ನೂ ಹೊಲಿಯುತ್ತಿದ್ದಳು. ಒಂದು ದಿನ ಮೇಜಿನ ಮೇಲೆ ಹಾಸಿದ ತೊಗಲಿನಲ್ಲಿ, ಮಾಗಿದ ಗಾಯದ ಗೆರೆಯೊಂದು ಕಂಡಿತು. ತಂತಿಬೇಲಿ ತರಚಿದ್ದಿರಬೇಕು.

"ಅದು ಕೆಳಗಡೆ ಬರೋ ಹಾಗೆ ಹೊಲಿಯಮ್ಮ, ಗಿರಾಕಿಗೆ ಕಾಣಬಾರ್ದು" ಎಂದ ಮೇಸ್ತ್ರಿ.

ಅತ್ತೆ ಹಾಗೆಯೇ ಹೊಲಿದಳು. ಆದರೆ ಗಾಯ ಮಾಗುವವರೆಗೆ ಆ ಪ್ರಾಣಿ ನೋವುಂಡು ಬದುಕಿತ್ತಲ್ಲ ಎಂಬುದು ಅವಳ ತಲೆಯಿಂದ ಹೋಗಲಿಲ್ಲ. ಅಂದಿನಿಂದ ಚರ್ಮ ಹೊಲಿಯಲಿಲ್ಲ. ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಮುಟ್ಟಲಿಲ್ಲ. ಪ್ಯಾಕೆಟ್ಟಿನ ತಿಂಡಿಯೂ ಬೇಡ. "ಹೊಸ ಬಟ್ಟೆಯೊಳಗೆ ಹಳೇ ಚಿಂದಿ ತುಂಬೋದನ್ನ ದಿನಾ ನೋಡ್ತೀನಿ. ತಿನ್ನೋದರ ಮುಖನಾದ್ರೂ ನಂಗೆ ಕಾಣ್ಲಿ" ಎನ್ನುತ್ತಿದ್ದಳು. ಕಾಳು, ಗೆಡ್ಡೆ, ಸೊಪ್ಪು, ಹಣ್ಣು, ತೌಡು ತೆಗೆಯದ ಧಾನ್ಯ, ಅಷ್ಟೇ ಅವಳ ಊಟ.

"ಏನೇ ಮೇಕೆ, ಇವತ್ತು ಯಾವ ಬೇಲಿ ಮೇಯ್ದೆ?" ಎಂದು ಅಪ್ಪ ಅಣಕಿಸಿದರೆ, "ನಿನ್ನ ಬೇಲಿನೇ ಅಣ್ಣ, ಭದ್ರ ಮಾಡ್ಕೋ" ಎಂದು ನಗುತ್ತಿದ್ದಳು. ಆ ನಗುವಿಗೆ ಒಂದು ಆಧಾರವಿತ್ತು. ಕೆಲಸಕ್ಕೆ ಹೋಗುವ ಮುಂಚೆ ತನ್ನ ಕಾಳು ನೆನೆಹಾಕಿ ಹೋಗುತ್ತಿದ್ದಳು. ಅಮ್ಮ ಅದನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ ಬಿಸಿಬಿಸಿಯಾಗಿ ಬಡಿಸುತ್ತಿದ್ದಳು. ಹೊರಗೆ ಎಲ್ಲಿ ಹಸಿದರೂ ಅತ್ತೆ ಆ ಪಾತ್ರೆಯನ್ನು ನಂಬಿ ಮನೆಗೆ ಬರುತ್ತಿದ್ದಳು.

ಮೊನ್ನೆ ಅಮ್ಮ ಜ್ವರದಿಂದ ಮಲಗಿದ್ದಳು. ಹಿಂದಿನ ದಿನ ಉಳಿದ ಕಾಳನ್ನು ಅತ್ತೆ ತಣ್ಣಗೇ ತಿನ್ನಲು ಮುಚ್ಚಳ ತೆಗೆದಳು. ಮೇಲೆ ಬೆಳ್ಳಗೆ ಗಟ್ಟಿಯಾದ ಪದರ. ಉಗುರಿನಿಂದ ಕೆರೆದು ಮೂಸಿ ನೋಡಿದಳು.

"ಅತ್ತಿಗೆ, ಇದೇನು?"

ಅಮ್ಮ ಹೊದಿಕೆ ಎಳೆದುಕೊಂಡಳು. "ಸ್ವಲ್ಪ ಮಾಂಸದ ಸಾರು ಕಣೇ. ಕಡ್ಡಿ ಆಗ್ತಿದ್ದೀಯಲ್ಲ ಅಂತ ಕರುಳು ತಡೀಲಿಲ್ಲ."

"ಎಷ್ಟು ದಿನದಿಂದ?"

ಅಮ್ಮ ಗೋಡೆಯ ಕಡೆ ಹೊರಳಿದಳು. ಅಪ್ಪ ಗಹಗಹಿಸಿ ನಕ್ಕ. "ಕೆನ್ನೆ ತುಂಬ್ಕೊಂಡಿದ್ದು ಬರೀ ಕಾಳಿಂದ ಅಂದ್ಕೊಂಡ್ಯಾ? ತಿಂದು ಸತ್ತೇನೂ ಹೋಗಿಲ್ವಲ್ಲ!"

ಅತ್ತೆ ಸರ್ರನೆ ತಿರುಗಿದಳು. ಪಾತ್ರೆಯನ್ನು ಹಾಗೇ ತಂದು ಅಪ್ಪನ ಮುಂದೆ ಕುಕ್ಕಿದಳು. ಕಾಳು ಅವನ ಮಡಿಲಿಗೆ ಚೆಲ್ಲಿತು.

"ನಂಗೆ ಇಷ್ಟ ಇಲ್ಲ ಅಂತ ಗೊತ್ತಿತ್ತು ತಾನೇ? ಅಡಗಿಸಿ ಹಾಕಿದ್ದು ಅದಕ್ಕೇ ತಾನೇ? ಆ ಗಾಯನ ಕೆಳಗಡೆ ಮಾಡಿ ನಾನು ಯಾರಿಗೋ ಹೊಲಿದು ಕೊಟ್ಟೆ. ಈಗ ನೀವು ನಂಗೇ ಹೊಲಿದು ಕೊಟ್ರಿ!"

"ಪ್ರೀತಿಯಿಂದ ಮಾಡಿದ್ದಕ್ಕೆ ಇಷ್ಟು ಕೂಗಾಟನಾ?" ಎಂದ ಅಪ್ಪ.

"ಪ್ರೀತಿ ಇದ್ರೆ ಕೇಳಿ ಹಾಕ್ಬೇಕಿತ್ತು. ಇನ್ನು ಈ ಒಲೆ ಮೇಲೆ ಬೆಂದಿದ್ದು ನಂಗೆ ವಿಷ!"

ಅಂದಿನಿಂದ ಅತ್ತೆ ಮನೆಯಲ್ಲಿ ಬೇಯಿಸಿದ್ದನ್ನು ಮುಟ್ಟಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಹಸಿ ಗಜ್ಜರಿ ಕಡಿಯುತ್ತಾಳೆ. ಆ ಕರಕರ ಸದ್ದು ಕೇಳಿದಾಗಲೆಲ್ಲ ನನಗೂ ಅಪ್ಪ ಅಮ್ಮನ ಮೇಲೆ ಸಿಟ್ಟು ಬರುತ್ತದೆ. ಜೋರಾಗಿ ಮಾತಾಡಲು ನನಗೆ ಬರುವುದಿಲ್ಲ.

ನಾಳೆ ಬೆಳಿಗ್ಗೆ ಹೊಸ ಪಾತ್ರೆಯೊಂದನ್ನು ತಂದು, ಮುಚ್ಚಳ ಮುಚ್ಚದೆ, ಅತ್ತೆಯ ಕಣ್ಣೆದುರಿಗೇ ಕಾಳು ಬೇಯಿಸುತ್ತೇನೆ.