ಸಹಿ ಹಾಕದ ಇಪ್ಪತ್ತಾರು ದಿನ

ನಾನು ಅರಿವಳಿಕೆ ಕೊಡುವ ಡಾಕ್ಟರು. ಕಡಲಾಚೆಯ ಡ್ರೋಹೆಡಾ ಎಂಬ ಊರಿನ ಆಸ್ಪತ್ರೆಯಲ್ಲಿ ಜನರನ್ನು ಮಲಗಿಸಿ ಮತ್ತೆ ಎಬ್ಬಿಸುವುದು ನನ್ನ ಕೆಲಸ. ಮೈಸೂರಿನಲ್ಲಿ ಓದುತ್ತಿದ್ದ ಕಾಲದಿಂದಲೂ ರಾಹುಕಾಲ, ಗುಳಿಕಕಾಲ ಎಂದು ಗಡಿಯಾರ ನೋಡುವವರನ್ನು ಕಂಡರೆ ಬಾಯಿಗೆ ಬಂದಂತೆ ಆಡಿಕೊಂಡವಳು. ನನ್ನ ನಾಲಿಗೆ ಸ್ವಲ್ಪ ಉದ್ದ. ಎರಡೂ ಕಡೆಯ ಮನೆಯವರು ಜಗಳವಿಲ್ಲದೆ ಒಪ್ಪುವ ಮಾತು ಅದೊಂದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ, ಪಾಪ, ತಿಳಿಯದವಳು, ಏನೋ ನಂಬಿಕೆ ಎಂದು ಯಾರೂ ನನ್ನನ್ನು ಬಿಟ್ಟುಬಿಡಬಾರದು. ನನಗೆ ಎಲ್ಲ ತಿಳಿದಿತ್ತು.

ಕೊರೋನಾ ಬಂದು ದೇಶಕ್ಕೇ ಬೀಗ ಬೀಳುವ ಹಿಂದಿನ ವಾರ ನಾವು ಆ ಮನೆ ನೋಡಿದ್ದು. ನದಿ ದಾಟಿ ಏರು ಹತ್ತಿದರೆ ಸಿಗುವ ಬೀದಿ. ಪಕ್ಕದ ಮನೆಯೊಂದಿಗೆ ಒಂದು ಗೋಡೆ ಹಂಚಿಕೊಂಡ, ಮೂರು ಮಲಗುವ ಕೋಣೆಗಳ ಮನೆ. ಇಲ್ಲಿ ಮನೆ ತೋರಿಸುವಾಗ ಮಾರುವವರು ಹೊರಗೆ ಹೋಗಿರುತ್ತಾರೆ, ಏಜೆಂಟ್ ಒಬ್ಬನೇ ಕೀಲಿ ಹಿಡಿದು ನಿಂತಿರುತ್ತಾನೆ. ಈ ಮನೆಯ ಅಜ್ಜಿ ಮಾತ್ರ ಹೋಗಿರಲಿಲ್ಲ. “ನನ್ನ ಮನೆಗೆ ಬಂದವರಿಗೆ ಟೀ ಕೊಡದೆ ಕಳಿಸೋಕಾಗುತ್ತಾ?” ಎಂದು ಏಜೆಂಟನನ್ನೇ ಗದರಿಸಿ ನಮ್ಮನ್ನು ಅಡುಗೆಮನೆಯಲ್ಲಿ ಕೂರಿಸಿದರು. ಎಂಬತ್ತರ ಹತ್ತಿರದ ವಯಸ್ಸು, ಬೆನ್ನು ನೆಟ್ಟಗೆ. ಚೆನ್ನಾಗಿದೆ ಎನ್ನಬೇಕಾದಾಗಲೆಲ್ಲ ಗ್ರ್ಯಾಂಡ್ ಎನ್ನುವ ಈ ದೇಶದ ಅಭ್ಯಾಸ ಅವರಿಗೆ ಇತರರಿಗಿಂತ ಒಂದು ಹಿಡಿ ಹೆಚ್ಚೇ ಇತ್ತು. ಬಾಯ್ಲರ್ ಗ್ರ್ಯಾಂಡ್, ಚಾವಣಿ ಗ್ರ್ಯಾಂಡ್, ಪಕ್ಕದ ಮನೆಯವರು ಗ್ರ್ಯಾಂಡ್.

ಗಂಡನ ಮಾತು ಬಂದಾಗ ಆ ಶಬ್ದ ಬರಲಿಲ್ಲ. ಅವರಿಗೆ ಮರೆವಿನ ಕಾಯಿಲೆ. ಹುಟ್ಟೂರು ಸ್ಲೈಗೋ, ಅಲ್ಲಿಯ ಸಮುದ್ರ ಕಂಡರೆ ಶಾಂತವಾಗಿರುತ್ತಾರೆಂದು ಅಲ್ಲಿನ ನರ್ಸಿಂಗ್ ಹೋಮಿಗೇ ಸೇರಿಸಿದ್ದರು. ಈಕೆ ಪ್ರತಿ ಭಾನುವಾರ ಎರಡು ಬಸ್ಸು ಬದಲಿಸಿ ದೇಶದ ಈ ಅಂಚಿನಿಂದ ಆ ಅಂಚಿಗೆ ಹೋಗಿಬರುತ್ತಿದ್ದರು. ಮನೆ ಮಾರಿ, ಅಲ್ಲೇ ನಡೆದು ಹೋಗುವಷ್ಟು ಹತ್ತಿರ ಒಂದು ಪುಟ್ಟ ಬಾಡಿಗೆ ಮನೆ ಹಿಡಿಯುವ ಯೋಚನೆ. “ಎಲ್ಲ ಮರೆತಿದ್ದಾರೆ. ನನ್ನ ಹೆಸರೊಂದು ಇನ್ನೂ ಇದೆ. ಅದು ಹೋಗೋದರೊಳಗೆ ಅಲ್ಲಿರಬೇಕು” ಎಂದರು. ನಾನು ಅವರ ಕೈ ಹಿಡಿದುಕೊಂಡೆ. ಆಗ ಇನ್ನೂ ಕೈ ಹಿಡಿಯಬಹುದಿತ್ತು.

ಎರಡು ದಿನಕ್ಕೆ ನಮ್ಮ ಬೆಲೆ ಒಪ್ಪಿಗೆಯಾಯಿತು. ಮನೆ ಮುಂದಿನ ಫಲಕದ ಮೇಲೆ ‘ಸೇಲ್ ಅಗ್ರೀಡ್’ ಎಂದು ಚೀಟಿ ಅಂಟಿಸಿದರು. ಈ ದೇಶದಲ್ಲಿ ಅದು ಬರೀ ಬಾಯಿಮಾತು. ಎರಡೂ ಕಡೆಯವರು ಕರಾರಿಗೆ ಸಹಿ ಹಾಕುವವರೆಗೆ ಯಾರು ಬೇಕಾದರೂ ಕೈ ಕೊಡವಿಕೊಂಡು ಹೋಗಬಹುದು. ಮರುವಾರ ಎಲ್ಲ ಮುಚ್ಚಿತು. ಮನೆ ಪರೀಕ್ಷಿಸಬೇಕಾದ ಸರ್ವೇಯರ್ ಬರಲಿಲ್ಲ, ಬ್ಯಾಂಕಿನ ಕಾಗದ ಅಲುಗಲಿಲ್ಲ, ನರ್ಸಿಂಗ್ ಹೋಮಿನ ಬಾಗಿಲೂ ಮುಚ್ಚಿತು. ನಾನು ಆಸ್ಪತ್ರೆಯಲ್ಲಿ ಉಸಿರಾಡಲಾಗದವರ ಗಂಟಲಿಗೆ ಕೊಳವೆ ಇಳಿಸುತ್ತ ಮೂರು ತಿಂಗಳು ಕಳೆದೆ. ಮನೆಗೆ ಬಂದು ಹಿತ್ತಲ ಬಾಗಿಲಲ್ಲಿ ಬಟ್ಟೆ ಕಳಚಿ, ಸ್ನಾನವಾಗುವವರೆಗೆ ಮಗಳನ್ನು ಹತ್ತಿರ ಸೇರಿಸುತ್ತಿರಲಿಲ್ಲ. ನನ್ನ ಗಂಡನಿಗೆ ಚಿಕ್ಕಂದಿನಿಂದ ಉಬ್ಬಸ. ಅವನು ಪಕ್ಕದ ಕೋಣೆಯಲ್ಲಿ ಆಫೀಸು ಕೆಲಸ ಮಾಡುತ್ತ ಒಮ್ಮೆ ಕೆಮ್ಮಿದರೂ ಕೈಯಲ್ಲಿದ್ದದ್ದು ಬಿಟ್ಟು ಗೋಡೆಗೆ ಕಿವಿ ಕೊಡುತ್ತಿದ್ದೆ.

ಜೂನ್ ಕೊನೆಗೆ ಮನೆ ಕಾಗದ ನೋಡುವ ನಮ್ಮ ವಕೀಲರು, ಸಾಲಿಸಿಟರ್, ಫೋನ್ ಮಾಡಿದರು. ಎಲ್ಲ ಕಾಗದ ಸರಿಯಾಗಿದೆ, ಗುರುವಾರ ಬಂದು ಸಹಿ ಹಾಕಿ, ಆಫೀಸಿನೊಳಗೆ ಬರುವಂತಿಲ್ಲ, ಕಾರ್ ಪಾರ್ಕಿಂಗಿನಲ್ಲೇ, ಪೆನ್ನು ನಿಮ್ಮದೇ ತನ್ನಿ ಎಂದರು. ನಾನು ಗುರುವಾರದ ಡ್ಯೂಟಿ ನೋಡಲು ಗೋಡೆಯ ಕ್ಯಾಲೆಂಡರಿನತ್ತ ತಿರುಗಿದೆ. ಊರಿನಿಂದ ಪ್ರತಿವರ್ಷ ಸುರುಳಿ ಸುತ್ತಿ ತರುವ, ತಿಥಿ ನಕ್ಷತ್ರಗಳೆಲ್ಲ ಇರುವ ಕ್ಯಾಲೆಂಡರು. ಡ್ಯೂಟಿ ಗುರುತು ಹಾಕಲು ಚೌಕ ದೊಡ್ಡದಿರುತ್ತದೆ ಎಂಬುದೊಂದೇ ನಾನು ಅದಕ್ಕೆ ಕೊಟ್ಟಿದ್ದ ಮರ್ಯಾದೆ. ಗುರುವಾರದ ಚೌಕದಲ್ಲಿ ಆಷಾಢ ಎಂದಿತ್ತು.

ನನ್ನ ಚಿಕ್ಕಪ್ಪ ಒಮ್ಮೆ ಆಷಾಢದಲ್ಲಿ ಸೈಟು ಕೊಂಡರು. ಆ ದೀಪಾವಳಿಗೆ ಅವರಿರಲಿಲ್ಲ. ಬೇಡ ಬೇಡ ಅಂದ್ರೂ ಆಷಾಢದಲ್ಲಿ ಸಹಿ ಹಾಕಿದ್ರು ಎಂದು ಚಿಕ್ಕಮ್ಮ ವರ್ಷಗಟ್ಟಲೆ ಅತ್ತಾಗ, ಅವರಿಗಿದ್ದದ್ದು ಬಿ.ಪಿ., ಮಾತ್ರೆ ನುಂಗುತ್ತಿರಲಿಲ್ಲ ಎಂದು ಬಿಡಿಸಿ ಹೇಳಿದವಳು ನಾನೇ. ಈಗ ಅದೇ ಕ್ಯಾಲೆಂಡರಿನ ಮುಂದೆ ನಿಂತು, ಆಷಾಢ ಮುಗಿಯಲು ಎಷ್ಟು ದಿನ ಎಂದು ಬೆರಳಿಟ್ಟು ಎಣಿಸಿದೆ. ಊರಿಗೆಲ್ಲ ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎನ್ನುವುದು ನನ್ನಂಥವರನ್ನು ನೋಡಿಯೇ.

“ಆಷಾಢ ಮುಗೀಲಿ. ಆಮೇಲೆ ಹಾಕೋಣ” ಎಂದೆ.

ಗಂಡ ಲ್ಯಾಪ್‌ಟಾಪಿನಿಂದ ತಲೆಯೆತ್ತಿದ. “ಯಾರು ಹೇಳ್ತಿರೋದು ಇದು? ನೀನು ಡಾಕ್ಟ್ರು ಕಣೇ.”

“ಡಾಕ್ಟ್ರಾಗಿದ್ದಕ್ಕೇ ಹೇಳ್ತಿದೀನಿ. ಏನೇನ್ ನೋಡ್ತಿದೀನಿ ಅಂತ ನಿಂಗೇನ್ ಗೊತ್ತು? ಈ ವರ್ಷ ಒಂದು ರಿಸ್ಕೂ ಬೇಡ.”

“ಆ ಅಜ್ಜಿ ಕಾಯ್ತಿದಾರಲ್ಲೇ.”

“ಮೂರು ತಿಂಗಳು ಕಾದಿದಾರೆ. ಇನ್ನೊಂದು ತಿಂಗಳು ಕಾದ್ರೆ ಏನಾಗುತ್ತೆ?”

ಈ ಮಾತನ್ನು ನಾನು ಆಡಿದ್ದು ಬೆಳಗಿನ ಕಾಫಿ ಕುಡಿಯುತ್ತ. ಎಷ್ಟು ಸಲೀಸಾಗಿ ಆಡಿದೆ ಎಂಬುದು ನೆನಪಾದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಸಾಲಿಸಿಟರಿಗೆ ಆಷಾಢ ಎಂದು ಹೇಳಲು ಮುಖವಿರಲಿಲ್ಲ. ಕೆಲಸದ ಜಾಗದಲ್ಲಿ ನಾನು ವಿಜ್ಞಾನದ ಹೆಂಗಸು. ಆದ್ದರಿಂದ ಸುಳ್ಳು ಹೇಳಿದೆ. ಬ್ಯಾಂಕಿನವರು ನನ್ನ ಗಂಡನ ಆಫೀಸಿನಿಂದ ಇನ್ನೊಂದು ಪತ್ರ ಕೇಳಿದ್ದಾರೆ, ಅದು ಬಂದ ಮೇಲೆ ಸಹಿ ಹಾಕುತ್ತೇವೆ ಎಂದೆ. ಆ ದಿನಗಳಲ್ಲಿ ಬ್ಯಾಂಕುಗಳು ಎಲ್ಲರ ನೌಕರಿಯನ್ನೂ ಮತ್ತೆ ಮತ್ತೆ ಕೆದಕುತ್ತಿದ್ದವು. ಅವರು ನಂಬಿದರು, ಒಳ್ಳೆಯದೇ, ಆತುರ ಬೇಡ ಎಂದರು. ಫೋನ್ ಇಟ್ಟು ತಿರುಗಿದರೆ ಏಳು ವರ್ಷದ ಮಗಳು ಮೆಟ್ಟಿಲ ಮೇಲೆ ಕೂತಿದ್ದಳು. ಅವಳಿಗೆ ನಮ್ಮ ಮಾತೆಲ್ಲ ಅರ್ಥವಾಗುತ್ತದೆ. ಉತ್ತರ ಮಾತ್ರ ಇಲ್ಲಿಯ ರಾಗದ ಇಂಗ್ಲಿಷಿನಲ್ಲಿ. “ಬಟ್ ಮ್ಯಾಮ್, ದ ಬ್ಯಾಂಕ್ ಸೆಡ್ ಯೆಸ್” ಎಂದಳು.

“ದೊಡ್ಡೋರ ವಿಷಯಕ್ಕೆ ಬಾಯಿ ಹಾಕ್ಬೇಡ. ಹೋಗು, ಹೋಂವರ್ಕ್ ಮಾಡು.”

ರಜ ಶುರುವಾಗಿತ್ತು, ಹೋಂವರ್ಕ್ ಇರಲಿಲ್ಲ. ಅವಳು ಎದ್ದು ಹೋದಳು.

ಹತ್ತು ದಿನಕ್ಕೆ ಏಜೆಂಟ್ ಫೋನ್ ಮಾಡಿದ. ಅಜ್ಜಿಗೆ ಸ್ಲೈಗೋದಲ್ಲಿ ಮನೆ ಸಿಕ್ಕಿ ಎರಡು ವಾರವಾಯಿತು, ನರ್ಸಿಂಗ್ ಹೋಮಿನ ಎದುರಿನ ಬೀದಿಯಲ್ಲೇ. ಒಳಗೆ ವಾರಕ್ಕೊಮ್ಮೆ ಅರ್ಧ ಗಂಟೆ ಮಾತ್ರ ಬಿಡುತ್ತಾರೆ, ಆದರೆ ಕಿಟಕಿಯ ಹೊರಗೆ ದಿನವೂ ನಿಲ್ಲಬಹುದು. ಇಲ್ಲಿಯ ಕರಾರಿಗೆ ಸಹಿಯಾಗದೆ ಅಲ್ಲಿ ಬಾಡಿಗೆಗೆ ಒಪ್ಪಿಕೊಳ್ಳಬೇಡಿ ಎಂದು ಅವರ ವಕೀಲರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ನಿಮ್ಮ ಬ್ಯಾಂಕಿಗೆ ಸ್ವಲ್ಪ ಒತ್ತಾಯ ಮಾಡಬಹುದೇ ಎಂದು ಬಹಳ ಮೆಲ್ಲಗೆ ಕೇಳಿದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ದಿನಕ್ಕೆ ಹನ್ನೆರಡು ಗಂಟೆ ಮುಖಕ್ಕೆ ಮಾಸ್ಕ್ ಬಿಗಿದುಕೊಂಡು ನಿಮ್ಮ ಊರಿನ ಮುದುಕರನ್ನೇ ಉಳಿಸುತ್ತಿದ್ದೇನೆ, ಮುದುಕರ ಕಷ್ಟ ನನಗೆ ಹೇಳಿಕೊಡಬೇಡಿ ಎಂದು ಹರಿಹಾಯ್ದೆ. ಆ ಹುಡುಗ ಕ್ಷಮೆ ಕೇಳಿದ. ಆ ವರ್ಷ ಆಸ್ಪತ್ರೆಯವರು ಎಂದರೆ ಸಾಕು, ಎಲ್ಲರೂ ಕ್ಷಮೆ ಕೇಳುತ್ತಿದ್ದರು.

ಆ ಸಂಜೆ ಗಂಡ ಮತ್ತೆ ಕೇಳಿದ. “ನಾಳೆನೇ ಹೋಗಿ ಹಾಕ್ಬಿಡೋಣ್ವಾ?” ನಾನು ಕ್ಯಾಲೆಂಡರು ನೋಡಿದೆ. ಅರ್ಧ ಕಳೆದಿದೆ, ಇನ್ನರ್ಧ ತಡೆಯೋಣ ಎಂದೆ. ಅವನು ವಾದ ಮಾಡಲಿಲ್ಲ. ಇನ್ನೊಂದು ಸಲ ಕೇಳಿದ್ದರೆ ಒಪ್ಪುತ್ತಿದ್ದೆನೇನೋ ಎಂದು ಆಮೇಲೆ ಎಷ್ಟೋ ಸಲ ಅವನ ತಲೆಗೇ ಕಟ್ಟಲು ನೋಡಿದ್ದೇನೆ. ಅಂಟಲಿಲ್ಲ.

ಆಷಾಢದ ಕೊನೆಯ ದಿನ ನಮ್ಮಲ್ಲಿ ಭೀಮನ ಅಮಾವಾಸ್ಯೆ. ಹೆಂಡತಿ ಗಂಡನ ಪಾದ ತೊಳೆದು, ಪೂಜೆ ಮಾಡಿ, ಅವನ ಆಯುಸ್ಸು ಬೇಡಿಕೊಳ್ಳುವ ದಿನ. ಬೇರೆ ವರ್ಷಗಳಲ್ಲಿ ಅತ್ತೆ ನೆನಪಿಸಿದರೆ, “ನಿಮ್ಮ ಮಗ ಮೊದಲು ಸಾಕ್ಸ್ ಒಗೆಯೋದು ಕಲೀಲಿ ಅತ್ತೆ” ಎಂದು ಹಾರಿಸುತ್ತಿದ್ದೆ. ಆ ವರ್ಷ ಯಾರೂ ಹೇಳದೆ ಸ್ಟೀಲಿನ ತಟ್ಟೆಯಲ್ಲಿ ಅವನ ಕಾಲಿಟ್ಟು ತೊಳೆದೆ. ಅರಿಶಿನ ಹಚ್ಚುವಾಗ ಕಣ್ಣು ತುಂಬಿತು. ಅವನು, “ಕಚಗುಳಿ ಆಗುತ್ತೆ, ಬೇಗ ಮುಗ್ಸೇ” ಎಂದ.

ಮರುದಿನ ಶ್ರಾವಣ. ಕಾರ್ ಪಾರ್ಕಿಂಗಿನಲ್ಲಿ ಸಾಲಿಸಿಟರ್ ತಮ್ಮ ಕಾರಿನ ಬಾನೆಟ್ಟಿನ ಮೇಲೆ ಕಾಗದ ಹರಡಿ, ಗಾಳಿಗೆ ಹಾರದಂತೆ ಒಂದು ಕಲ್ಲಿಟ್ಟು, ಆರು ಅಡಿ ಹಿಂದೆ ನಿಂತರು. ನಾನು ಪೆನ್ನಿನ ಮುಚ್ಚಳ ತೆಗೆದಾಗ ಹೇಳಿದರು. ಮಾರುವವರ ಪತಿ ಹೋದ ಗುರುವಾರ ತೀರಿಕೊಂಡರು. ಆಗ ಆಕೆ ಅಲ್ಲಿಗೆ ಹೋಗುವ ಬಸ್ಸಿನಲ್ಲಿದ್ದರಂತೆ. ಆದರೂ ಮನೆ ಮಾರುವ ಮಾತಿಗೆ ಬದಲಿಲ್ಲ, ಅವರ ಪಕ್ಕದಲ್ಲೇ ಮಣ್ಣಾಗಲು ಅಲ್ಲಿಗೇ ಹೋಗುತ್ತಾರಂತೆ.

ಗುರುವಾರ. ಸಹಿಗೆ ಕರೆದ ದಿನದಿಂದ ಸರಿಯಾಗಿ ಮೂರು ವಾರ. ಮನೆ ಬದಲಿಸಲು ಒಂದು ವಾರ ಎಂದರೂ, ಕಿಟಕಿಯ ಬಳಿ ಅವರಿಗೆ ಹದಿನಾಲ್ಕು ದಿನ ಸಿಗುತ್ತಿತ್ತು. ಔಷಧದ ಅಳತೆ ಲೆಕ್ಕ ಹಾಕುವ ತಲೆ, ಇದನ್ನೂ ಅಲ್ಲೇ ನಿಂತು ಲೆಕ್ಕ ಹಾಕಿತು. ಗಂಡ ನನ್ನ ಮುಖ ನೋಡಿದ. ಸಾಲಿಸಿಟರ್ ತೋರಿಸಿದ ಕಡೆಯಲ್ಲೆಲ್ಲ ನಾನು ಸಹಿ ಹಾಕಿದೆ.

ಆಗಸ್ಟಿನಲ್ಲಿ ಕೀಲಿ ಸಿಕ್ಕಿತು. ಒಳ್ಳೆಯ ಗಳಿಗೆ ನೋಡಿ, ಬಲಗಾಲಿಟ್ಟು ಒಳಗೆ ಹೋದೆವು. ಅಜ್ಜಿ ಮನೆಯನ್ನು ಒರೆಸಿ ಹೊಳೆಯುವಂತೆ ಇಟ್ಟಿದ್ದರು. ಒಲೆಯ ಪಕ್ಕ ಒಂದು ಕಾರ್ಡಿತ್ತು. ಬಾಯ್ಲರಿನ ಗುಂಡಿ ಎರಡು ಸಲ ಒತ್ತಬೇಕು, ಕಸದ ಗಾಡಿ ಮಂಗಳವಾರ, ನನಗೆ ಕಾಗದ ಬಂದರೆ ಈ ನಂಬರಿಗೆ ತಿಳಿಸಿ ಎಂದೆಲ್ಲ ಬರೆದು, ಕೆಳಗೆ ಇನ್ನೆರಡು ಸಾಲು: “ಬ್ಯಾಂಕಿನವರು ನಿಮ್ಮನ್ನು ಬಹಳ ಗೋಳುಹೊಯ್ದುಕೊಂಡರೆಂದು ಕೇಳಿದೆ. ಅವರ ಮನಸ್ಸು ಕರಗಲಿ ಎಂದು ಪ್ರತಿ ದಿನ ಚರ್ಚಿನಲ್ಲಿ ನಿಮಗಾಗಿ ಒಂದು ಮೇಣದಬತ್ತಿ ಹಚ್ಚಿದೆ.”

ನಾನು ಕಾರ್ಡನ್ನು ಡ್ರಾಯರಿನಲ್ಲಿ ತಳ್ಳಿ ಹಾಲು ಉಕ್ಕಿಸಿದೆ. ಮೈಸೂರಿನಿಂದ ಅತ್ತೆ ವಿಡಿಯೋದಲ್ಲಿ ನೋಡುತ್ತಿದ್ದರು. “ಏನಮ್ಮ, ಜೂನಿಗೇ ಆಗುತ್ತೆ ಅಂದಿದ್ರಿ?” ಎಂದು ಕೇಳಿದರು. ಗಂಡ ಬಾಯಿ ತಪ್ಪಿ ಆಷಾಢದ ಸಂಗತಿ, ಅಜ್ಜಿಯ ಗಂಡನ ಸಂಗತಿ ಎರಡೂ ಹೇಳಿಬಿಟ್ಟ. ಅತ್ತೆ ರೇಗಿದರು.

“ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ? ಆಷಾಢದಲ್ಲಿ ಹೊಸ ಮನೆಗೆ ಕಾಲಿಡಲ್ಲ ಅಷ್ಟೇ. ಕಾಗದಕ್ಕೆ ಸಹಿ ಹಾಕೋಕೆ ಏನಂತೆ? ಅದೂ ಆ ಯಮ್ಮನ ಗಂಡ ಹಾಸಿಗೆ ಹಿಡಿದಿರೋವಾಗ! ಕಷ್ಟದಲ್ಲಿರೋರಿಗೆ ಆಗೋ ಕೆಲಸಕ್ಕೆ ಯಾವ ಮಾಸ ನೋಡ್ತಾರೆ?”

ನಾನು ಯಾರನ್ನೂ ಕೇಳಿರಲಿಲ್ಲ. ದೊಡ್ಡವರ ಕಟ್ಟಳೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ದೊಡ್ಡವರಿಗೆ ಒಂದು ಫೋನ್ ಮಾಡಿರಲಿಲ್ಲ. ಭಯ ನನ್ನದು, ಅದಕ್ಕೆ ಅವರ ಹೆಸರು ಇಟ್ಟಿದ್ದೆ.

ಮುಂದಿನ ಜನವರಿಯಲ್ಲಿ ಅಜ್ಜಿಯ ಹೆಸರಿಗೆ ಒಂದು ಕಾಗದ ಬಂತು. ಗಂಡನೇ ಫೋನ್ ಮಾಡುತ್ತೇನೆಂದ. ಬೇಡ, ನಾನು ಮಾಡ್ತೀನಿ ಎಂದೆ. ಭಾನುವಾರ ಬೆಳಗ್ಗೆ, ಅವರು ನಮಗೆ ಟೀ ಕೊಟ್ಟ ಅದೇ ಅಡುಗೆಮನೆಯಲ್ಲಿ ನಿಂತು ಮಾಡಿದೆ. ಕಾಗದದ ವಿಷಯ ಮುಗಿಯಿತು. ಬಾಯ್ಲರ್ ಹೇಗಿದೆ ಎಂದು ಕೇಳಿದರು. ನಾನು, “ಒಂದು ಮಾತು ಹೇಳಬೇಕು. ಬ್ಯಾಂಕಿನವರು ತಡ ಮಾಡಲಿಲ್ಲ. ನಾನು ಮಾಡಿದೆ” ಎಂದೆ.

ನಮ್ಮ ಪಂಚಾಂಗದಲ್ಲಿ ಇಂಥದೊಂದು ತಿಂಗಳಿದೆ, ಅದರಲ್ಲಿ ಹೊಸದೇನನ್ನೂ ಶುರು ಮಾಡುವುದಿಲ್ಲ ಎಂದು ವಿವರಿಸಿದೆ. ಕೊನೆಗೆ ಅಜ್ಜಿ, “ನಮ್ಮಮ್ಮ ಶನಿವಾರ ಮನೆ ಬದಲಿಸೋಕೆ ಬಿಡ್ತಿರಲಿಲ್ಲ” ಎಂದರು. ಬೈಯುತ್ತಾರೆಂದು ಕಾದಿದ್ದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಸಹಿ ಹಾಕಿದರೆ ಏನಾಗುತ್ತೆ ಅಂತ ಹೆದರಿದ್ದೆ ನೀನು?” ಎಂದು ಕೇಳಿದರು.

“ಮನೆಯಲ್ಲಿ ಯಾರಾದರೂ ಹೋಗಿಬಿಡ್ತಾರೆ ಅಂತ. ನನ್ನ ಗಂಡ.”

ಫೋನಿನ ಆ ಕಡೆ ಎಲ್ಲೋ ಕಡಲಹಕ್ಕಿ ಕೂಗುವುದು ಕೇಳಿಸಿತು. ಹಿತ್ತಲಲ್ಲಿ ನನ್ನ ಗಂಡ ಮಗಳಿಗೆ ಸೈಕಲ್ ಕಲಿಸುತ್ತಿದ್ದ. ಅವನು ನಗುವುದು ಗಾಜಿನಾಚೆ ಕಾಣುತ್ತಿತ್ತು.

“ಈಗ ಹೇಗಿದ್ದಾರೆ ನಿನ್ನ ಗಂಡ?”

“ಚೆನ್ನಾಗಿದ್ದಾನೆ” ಎಂದೆ.

“ಗ್ರ್ಯಾಂಡ್” ಎಂದರು.