ಕಣ್ಣು ಬಿಡಿಸದ ಲಕ್ಷ್ಮಿಯ ಫೋಟೋ

ಶಿವಾರಪಟ್ಟಣದ ಶಿಲ್ಪಿಗಳಿಗೆ ನಾನೊಂದು ವೆಬ್‌ಸೈಟು ಮಾಡಿಕೊಟ್ಟಿದ್ದೆ. ಇನ್ನು ಮುಂದೆ ಹೊಸ ಮೂರ್ತಿಗಳ ಪುಟಗಳನ್ನು ಅವರೇ ಸೇರಿಸಬೇಕಿತ್ತು. ಅದನ್ನು ಕಲಿಸಲು ಹೋದಾಗ ಕಂಪ್ಯೂಟರಿನ ಮುಂದೆ ಬಂದು ಕೂತವರು ಅರವತ್ತು ದಾಟಿದ ಹಿರಿಯ ಆಚಾರ್ರು. ಅವತ್ತಿನವರೆಗೂ ಅವರು ಮೌಸ್ ಮುಟ್ಟಿದವರಲ್ಲ.

"ಈ ಖಾನೆಯಲ್ಲಿ ಹೆಸರು, ಇಲ್ಲಿ ಫೋಟೋ. ಪುಟದ ಅಂದಚೆಂದ ಸಿಸ್ಟಮ್ಮೇ ನೋಡಿಕೊಳ್ಳುತ್ತೆ," ಎನ್ನುತ್ತಾ, ಅವರ ಅಂಗಳದಲ್ಲಿದ್ದ ಲಕ್ಷ್ಮಿಯ ಫೋಟೋ ಹಾಕಿ 'ಪಬ್ಲಿಶ್' ಒತ್ತಿದೆ.

"ಈಗಿದು ಎಲ್ಲಾರ್ಗೂ ಕಾಣ್ಸುತ್ತಾ?" ಎಂದರು.

"ಅಮೆರಿಕದಲ್ಲೂ ಕಾಣುತ್ತೆ," ಎಂದೆ ಹೆಮ್ಮೆಯಿಂದ.

ಆಚಾರ್ರ ಮುಖ ಕಪ್ಪಿಟ್ಟಿತು. "ಏನ್ ಕೆಲ್ಸ ಮಾಡಿದ್ರಿ ಸಾರ್! ಅಮ್ಮನಿಗೆ ಇನ್ನೂ ಕಣ್ಣೇ ಬಿಡಿಸಿಲ್ಲ. ಮಾಡಿಸ್ತಿರೋ ಮುಳಬಾಗಿಲಿನೋರು ನೋಡಿದ್ರೆ ಏನಂದ್ಕೊಂತಾರೆ? ಮೊದ್ಲು ತೆಗೀರಿ."

ಗಾಬರಿಯಿಂದ ಪುಟವನ್ನು 'ಡ್ರಾಫ್ಟ್' ಮಾಡಿದೆ. ಹೀಗಿಟ್ಟರೆ ಅದು ಒಳಗೇ ಭದ್ರವಾಗಿರುತ್ತದೆ, ಹೊರಗಿನವರಿಗೆ ಕಾಣುವುದಿಲ್ಲ ಎಂದೆ.

"ಅಂದ್ರೆ, ಕೆಲ್ಸ ಮುಗಿಯೋಗಂಟ ಮುಸುಕು ಹಾಕಿಡ್ಬೋದು."

ಅರ್ಧ ಗಂಟೆ ಹೇಳಬೇಕೆಂದುಕೊಂಡಿದ್ದ ಪಾಠ ಅಷ್ಟರಲ್ಲೇ ಮುಗಿಯಿತು. ಆಚಾರ್ರು ಒಂದೇ ಬೆರಳಿನಲ್ಲಿ ಅಕ್ಷರ ಹುಡುಕುತ್ತಾ ಕಲ್ಲಿನ ಬಗೆ, ಎತ್ತರ ಎಲ್ಲ ತುಂಬಿದರು. ಎರಡು ಸಲ ಓದಿ, ಎತ್ತರದಲ್ಲಿ ಅರ್ಧ ಅಂಗುಲ ಹೆಚ್ಚಾಗಿದ್ದನ್ನು ತಿದ್ದಿದರು. ಪಬ್ಲಿಶ್ ಮಾತ್ರ ಒತ್ತಲಿಲ್ಲ.

ವಾರದ ಮೇಲೆ ಆ ಪುಟ ಸೈಟಿನಲ್ಲಿ ಕಾಣಿಸಿತು. ಹೊಸ ಫೋಟೋದಲ್ಲಿ ಲಕ್ಷ್ಮಿ ಕಣ್ಣು ತೆರೆದು ನೋಡುತ್ತಿದ್ದಳು. ನನಗೊಂದು ಫೋನೂ ಮಾಡದೆ ಎಲ್ಲವನ್ನೂ ಅವರೇ ಮಾಡಿ ಮುಗಿಸಿದ್ದರು.

ನಮ್ಮ ಕಂಪನಿಯ ಸ್ವಂತ ಸೈಟಿನಲ್ಲಿ 'ಕೆಲಸ ನಡೆಯುತ್ತಿದೆ' ಎಂಬ ಖಾಲಿ ಪುಟವೊಂದು ಎರಡು ವರ್ಷದಿಂದ ಹಾಗೇ ಇತ್ತು. ಯಾರಿಗೂ ಹೇಳದೆ ಅವತ್ತೇ ತೆಗೆದುಬಿಟ್ಟೆ.